ಹಳೆಯ ಟೇಪಿಗೆ ಯಾವ ತಂತ್ರಾಂಶ?

ಸಕಲೇಶಪುರ, ಆಲೂರಿನ ಕಡೆ ಮಳೆ ಹಿಡಿಯಿತೆಂದರೆ ಚಪ್ಪಲಿಯಿಂದ ಪುಸ್ತಕದ ರಟ್ಟಿನವರೆಗೆ ಎಲ್ಲಕ್ಕೂ ಬೂಷ್ಟು ಬರುತ್ತದೆ. ಬೀರುವಿನ ಮೂಲೆಯಲ್ಲಿ ಕೂತಿರುವ ವಿಡಿಯೋ ಕ್ಯಾಸೆಟ್ಟಿಗೂ ಅದು ತಪ್ಪಿದ್ದಲ್ಲ. ಕ್ಯಾಸೆಟ್ಟಿನ ಗಾಜಿನಂಥ ಕಿಂಡಿಯಲ್ಲಿ ಬಗ್ಗಿ ನೋಡಿ. ಕಪ್ಪು ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಅದು ಶಿಲೀಂಧ್ರ. ಅಂಥ ಕ್ಯಾಸೆಟ್ಟನ್ನು ಹಾಗೆಯೇ ವಿಸಿಆರ್‌ಗೆ ತುರುಕಬಾರದು. ಬೂಷ್ಟಿನ ಪುಡಿ ಯಂತ್ರದ ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಟೇಪುಗಳಿಗೂ ಹರಡುತ್ತದೆ. ಮೊದಲು ಅದನ್ನು ತಿಳಿದವರಿಂದ ಶುಚಿ ಮಾಡಿಸಬೇಕು.

1980 ಮತ್ತು 90ರ ದಶಕಗಳಲ್ಲಿ ನಮ್ಮ ಕಡೆಯ ಮದುವೆ, ನಾಮಕರಣ, ಸುಗ್ಗಿಗಳು ಸೆರೆಯಾದದ್ದು ಈ ವಿಎಚ್‌ಎಸ್ ಕ್ಯಾಸೆಟ್ಟುಗಳಲ್ಲಿ. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಬಳಕೆಗೆ ತಂದ ಪದ್ಧತಿ ಇದು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಫುನೈ 2016ರ ಜುಲೈನಲ್ಲಿ ಕೈಬಿಟ್ಟಿತು. ಈಗ ಉಳಿದಿರುವುದು ಹಳೆಯ ಯಂತ್ರ, ಹಳೆಯ ಟೇಪು. ಆ ಟೇಪಿನಲ್ಲಿ ಸೋಬಾನೆ ಹಾಡಿದ ಅಜ್ಜಿ ಇಂದು ಇಲ್ಲದಿರಬಹುದು. ಯಾವುದೋ ಪ್ರವಾಸದ ಚಿತ್ರದಲ್ಲಿ ಸಕಲೇಶಪುರದ ಘಾಟಿ ಇಳಿಯುವ ಮೀಟರ್ ಗೇಜ್ ರೈಲು ಸಿಕ್ಕಿರಬಹುದು. 1979ರಲ್ಲಿ ಆರಂಭವಾದ ಆ ಹಾಸನ–ಮಂಗಳೂರು ಮಾರ್ಗದಲ್ಲಿ 1996ರಲ್ಲಿ ಹಳಿ ಬದಲಾವಣೆಗಾಗಿ ಸಂಚಾರ ನಿಂತಿತು. ಬ್ರಾಡ್ ಗೇಜ್ ಆಗಿ ಪ್ರಯಾಣಿಕರಿಗೆ ಮತ್ತೆ ತೆರೆದದ್ದು 2007ರ ಡಿಸೆಂಬರಿನಲ್ಲಿ. ಆ ಹಳೆಯ ರೈಲನ್ನು ಇನ್ನೊಮ್ಮೆ ಚಿತ್ರೀಕರಿಸಲು ಯಾರಿಂದಲೂ ಆಗದು.

ಟೇಪನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಸಾಮಾನ್ಯವಾಗಿ ಪಿಯುಸಿ ಓದುವ ಮಗನಿಗೋ ಮಗಳಿಗೋ ಬೀಳುತ್ತದೆ. ವಿಸಿಆರ್‌ನ ಹಳದಿ, ಕೆಂಪು, ಬಿಳಿ ತಂತಿಗಳನ್ನು ಚಿಕ್ಕದೊಂದು ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ಸಿಕ್ಕಿಸಿ ದಾಖಲು ಮಾಡಿಕೊಳ್ಳುವುದು ಕಷ್ಟವಲ್ಲ. ತೊಡಕು ಆಮೇಲಿನದು. ಹಾಗೆ ಬಂದ ದೊಡ್ಡ ಫೈಲನ್ನು ಫೋನಿನಲ್ಲಿ, ಟಿ.ವಿ.ಯಲ್ಲಿ ನೋಡುವಂತೆ ಪರಿವರ್ತಿಸಲು ಯಾವ ತಂತ್ರಾಂಶ? ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಡಜನ್‌ಗಟ್ಟಲೆ ಹೆಸರುಗಳು. ಒಂದು ಬಗೆಯವು ಸಕಲಕಲಾವಲ್ಲಭ: ಪರಿವರ್ತನೆ, ಕತ್ತರಿಸುವುದು, ಜೋಡಿಸುವುದು, ಡಿವಿಡಿ ಬರೆಯುವುದು, ಹಾಡು ಬೇರ್ಪಡಿಸುವುದು ಎಲ್ಲವೂ ಒಂದೇ ಕಿಟಕಿಯಲ್ಲಿ. ಇನ್ನೊಂದು ಬಗೆಯವು ಒಂದೇ ಕೆಲಸ ಕಲಿತವು.

ಆಯ್ಕೆಗೆ ಮುಂಚೆ ಪರಿವರ್ತನೆಯೆಂದರೇನು ಎಂಬುದು ತಿಳಿದಿರಬೇಕು. ವಿಡಿಯೋ ಫೈಲಿನಲ್ಲಿ ಡಬ್ಬಿ ಬೇರೆ, ಒಳಗಿನ ಪದಾರ್ಥ ಬೇರೆ. ಎಂಪಿ4, ಎಂಕೆವಿ, ಎವಿಐ ಎಂಬುವು ಡಬ್ಬಿಯ ಹೆಸರುಗಳು. ಒಳಗಿನ ಚಿತ್ರವನ್ನು ಅಡಕಗೊಳಿಸಿದ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ; 2003ರಲ್ಲಿ ಬಂದ ಎಚ್.264, 2013ರ ಎಚ್.265 ಇವು ಕೋಡೆಕ್‌ಗಳು. ಡಬ್ಬಿಯಿಂದ ಡಬ್ಬಿಗೆ ಸುರಿದರೆ ಪದಾರ್ಥಕ್ಕೆ ಏನೂ ಆಗದು, ನಿಮಿಷದೊಳಗೆ ಮುಗಿಯುತ್ತದೆ. ಕೋಡೆಕ್ ಬದಲಿಸುವುದು ಮಾತ್ರ ಕಾಫಿ ಬೀಜ ಹುರಿದು ಪುಡಿ ಮಾಡಿದಂತೆ. ಪುಡಿಯನ್ನು ಮತ್ತೆ ಬೀಜ ಮಾಡಲಾಗದು. ಪ್ರತಿ ಸಲ ಹೊಸದಾಗಿ ಅಡಕಗೊಳಿಸಿದಾಗಲೂ ಚಿತ್ರದ ಸೂಕ್ಷ್ಮಗಳು ಒಂದಿಷ್ಟು ನಷ್ಟವಾಗುತ್ತವೆ.

ಹಾಗಾದರೆ ಅಡಕಗೊಳಿಸದೆಯೇ ಇಟ್ಟುಕೊಳ್ಳಬಾರದೇ? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ನಮ್ಮ ದೇಶದ ಪಾಲ್ ಪದ್ಧತಿಯ ಟೇಪನ್ನು ಕಂಪ್ಯೂಟರಿಗೆ ಇಳಿಸಿದಾಗ ಒಂದು ಚೌಕಟ್ಟಿಗೆ 720×576, ಅಂದರೆ 4,14,720 ಚುಕ್ಕಿಗಳು. ಚುಕ್ಕಿಗೆ ಒಂದೂವರೆ ಬೈಟ್, ಸೆಕೆಂಡಿಗೆ 25 ಚೌಕಟ್ಟು. ಗಂಟೆಗೆ ಸುಮಾರು 56 ಗಿಗಾಬೈಟ್! ಮೂರು ಗಂಟೆಯ ಮದುವೆಗೆ ಎಷ್ಟಾಯಿತು? ಎಚ್.264 ಇದನ್ನು ಗಂಟೆಗೆ ಒಂದು ಗಿಗಾಬೈಟಿನ ಆಸುಪಾಸಿಗೆ ಇಳಿಸಬಲ್ಲದು. ಆದ್ದರಿಂದ ಅಡಕ ಬೇಕು, ಆದರೆ ಅದನ್ನು ಒಮ್ಮೆ, ಸರಿಯಾಗಿ ಮಾಡಬೇಕು.

ಇಲ್ಲಿಯೇ ಎರಡು ಬಗೆಯ ತಂತ್ರಾಂಶಗಳ ವ್ಯತ್ಯಾಸ ಕಾಣುವುದು. ಹಳೆಯ ಟೇಪಿನ ಪ್ರತಿ ಚೌಕಟ್ಟೂ ಎರಡು ಅರ್ಧಗಳ ಹೆಣಿಗೆ: ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು, ಸೆಕೆಂಡಿಗೆ 50 ಅರ್ಧಗಳು. ಹಳೆಯ ಡಬ್ಬದಂಥ ಟಿ.ವಿ.ಗೆ ಇದು ಒಗ್ಗುತ್ತಿತ್ತು. ಇಂದಿನ ಪರದೆಯಲ್ಲಿ ಎರಡು ಅರ್ಧಗಳನ್ನೂ ಒಟ್ಟಿಗೆ ತೋರಿಸಿದರೆ, ಓಡಾಡುವವರ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ. ಈ ಹೆಣಿಗೆಯನ್ನು ಬಿಡಿಸದೆ ಪರಿವರ್ತಿಸಿದರೆ ಆ ಹಲ್ಲುಗಳು ಚಿತ್ರದಲ್ಲಿ ಶಾಶ್ವತವಾಗಿ ಕೂತುಬಿಡುತ್ತವೆ. ಎಷ್ಟೋ ಸಕಲಕಲಾವಲ್ಲಭಗಳು ಹೊಸಬರನ್ನು ಹೆದರಿಸಬಾರದೆಂದು ಈ ಆಯ್ಕೆಯನ್ನು ಒಳಗೆಲ್ಲೋ ಬಚ್ಚಿಟ್ಟಿರುತ್ತವೆ. ‘ಫೋನಿಗೆ’, ‘ಟಿ.ವಿ.ಗೆ’ ಎಂಬ ದೊಡ್ಡ ಗುಂಡಿಗಳಷ್ಟೇ ಎದುರಿಗೆ.

ಹ್ಯಾಂಡ್‌ಬ್ರೇಕ್ ಎಂಬುದು ಒಂದೇ ಕೆಲಸ ಕಲಿತ ತಂತ್ರಾಂಶಕ್ಕೆ ಒಳ್ಳೆಯ ಉದಾಹರಣೆ. ಎರಿಕ್ ಪೆಟಿ ಎಂಬುವರು 2003ರಲ್ಲಿ ಆರಂಭಿಸಿದ ಇದರ 1.0 ಆವೃತ್ತಿ ಬಂದದ್ದು ಹದಿಮೂರು ವರ್ಷದ ನಂತರ, 2016ರ ಡಿಸೆಂಬರಿನಲ್ಲಿ. ಅವಸರವಿಲ್ಲದ ಜನ! ಇದು ಉಚಿತ, ಚಿತ್ರದ ಮೇಲೆ ತನ್ನ ಮುದ್ರೆ ಒತ್ತುವುದಿಲ್ಲ. ಯಾವ ಫೈಲು ಕೊಟ್ಟರೂ ಹೊರಬರುವುದು ಎಂಪಿ4, ಎಂಕೆವಿ, ವೆಬ್‌ಎಂ ಎಂಬ ಮೂರೇ ಡಬ್ಬಿಗಳಲ್ಲಿ. ಎರಡು ಚಿತ್ರಗಳನ್ನು ಜೋಡಿಸು ಎಂದರೆ ಇದು ಮಾಡದು. ಆದರೆ ಫಿಲ್ಟರ್ ಎಂಬ ಪುಟ ತೆರೆದರೆ ಹೆಣಿಗೆ ಬಿಡಿಸುವ ಆಯ್ಕೆ ಕಣ್ಣೆದುರಿಗೇ ಇರುತ್ತದೆ. ಗುಣಮಟ್ಟಕ್ಕೆ ಆರ್‌ಎಫ್ ಎಂಬ ಒಂದು ಸಂಖ್ಯೆ. ಸಂಖ್ಯೆ ಚಿಕ್ಕದಾದಷ್ಟೂ ಚಿತ್ರ ಚೊಕ್ಕ, ಫೈಲು ದೊಡ್ಡದು. ವಿಎಚ್‌ಎಸ್‌ನಷ್ಟು ಗಾತ್ರದ ಚಿತ್ರಕ್ಕೆ 18ರಿಂದ 22ರೊಳಗೆ ಇಟ್ಟರೆ ಸರಿ. ಮೊದಲ ದಿನ ಇಷ್ಟೇ ಕಲಿತರೆ ಸಾಕು.

ಕತ್ತರಿಸುವುದಕ್ಕೆ ಬೇರೆ ತಂತ್ರಾಂಶವಿದೆ, ಲಾಸ್‌ಲೆಸ್‌ಕಟ್. ಇದು ಪುಡಿ ಮಾಡುವುದಿಲ್ಲ, ಡಬ್ಬಿಯಲ್ಲಿರುವುದನ್ನು ಹಾಗೆಯೇ ಭಾಗ ಮಾಡುತ್ತದೆ. ಆದ್ದರಿಂದ ಗಂಟೆಯ ಚಿತ್ರ ಚಿಟಿಕೆ ಹೊಡೆಯುವುದರೊಳಗೆ ತುಂಡಾಗುತ್ತದೆ. ಕತ್ತರಿ ಬೀಳುವ ಜಾಗ ಮಾತ್ರ ಒಂದೆರಡು ಸೆಕೆಂಡು ಹಿಂದೆ ಮುಂದೆ ಆಗಬಹುದು.

ಹಾಗೆಂದು ಸಕಲಕಲಾವಲ್ಲಭಗಳನ್ನು ತೆಗಳುವುದು ನ್ಯಾಯವಲ್ಲ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನಾಲ್ಕು ತುಣುಕು ಜೋಡಿಸಿ, ಹಾಡು ಹಾಕಿ, ಸಂಜೆಯೊಳಗೆ ಒಪ್ಪಿಸಬೇಕಾದ ಹುಡುಗಿಗೆ ಅದೇ ಸುಲಭ. ಮೂಲ ತುಣುಕುಗಳು ಫೋನಿನಲ್ಲಿ ಉಳಿದಿರುವುದರಿಂದ ಫಲಿತಾಂಶ ಸ್ವಲ್ಪ ಮಂಕಾದರೂ ನಷ್ಟವಿಲ್ಲ. ಎಷ್ಟೋ ಮನೆಗಳಲ್ಲಿ ಈಗಾಗಲೇ ಇರುವ ವಿಎಲ್‌ಸಿಯೂ ಒಂದರ್ಥದಲ್ಲಿ ಈ ಗುಂಪಿನದೇ: ಚಿತ್ರ ತೋರಿಸುತ್ತದೆ, ಪರಿವರ್ತನೆಯನ್ನೂ ಮಾಡುತ್ತದೆ. ಇನ್ನು ಹಣ ಕೊಡುವ ವಿಚಾರ. ಅನೇಕ ಸಕಲಕಲಾವಲ್ಲಭಗಳ ಒಳಗೆ ದುಡಿಯುತ್ತಿರುವುದು 2000ದಲ್ಲಿ ಫ್ಯಾಬ್ರಿಸ್ ಬೆಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ಉಚಿತ ಯಂತ್ರವೇ. ನೀವು ಹಣ ಕೊಡುವುದು ಮೇಲಿನ ಅಂದದ ಗುಂಡಿಗಳಿಗೆ. ಅದು ಬೇಕೆನಿಸಿದರೆ ಕೊಡಿ, ತಪ್ಪಲ್ಲ. ಆದರೆ ‘ಉಚಿತ ಪರೀಕ್ಷಾ ಆವೃತ್ತಿ’ ಎಂಬುದನ್ನು ಇಳಿಸಿಕೊಂಡಾಗ ಮುದ್ರೆ ಬೀಳುತ್ತದೆಯೇ, ಕೆಲವೇ ನಿಮಿಷಕ್ಕೆ ನಿಲ್ಲುತ್ತದೆಯೇ ಎಂದು ಮೊದಲೇ ನೋಡಿ.

ಕೆಲವು ಸಲ ಪರಿವರ್ತನೆಯೇ ಬೇಡ. ತೋಟಕ್ಕೆ ಬಂದ ಆನೆಯನ್ನು ಅಪ್ಪ ಐಫೋನಿನಲ್ಲಿ ತೆಗೆದಿದ್ದಾರೆ, ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಅದು ಕಾಣದು ಎನ್ನಿ. 2017ರಿಂದ ಆ ಫೋನುಗಳು ಎಚ್.265ರಲ್ಲಿ ದಾಖಲಿಸುತ್ತಿರುವುದು ಕಾರಣ. ಆ ಕಂಪ್ಯೂಟರಿಗೆ ವಿಎಲ್‌ಸಿ ಹಾಕಿ ನೋಡಿ. ಇಲ್ಲವೇ ಮುಂದಿನ ಸಲಕ್ಕೆ ಕ್ಯಾಮೆರಾದ ಸೆಟ್ಟಿಂಗಿನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಎಂಬುದನ್ನು ಆರಿಸಿ. ಚಿತ್ರವನ್ನು ವಾಟ್ಸ್ಯಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ವಿಡಿಯೋ ಆಗಿ ಕಳಿಸಿದರೆ ಅದೇ ಹಿಂಡಿಬಿಡುತ್ತದೆ.

ತಂದೆತಾಯಿಯರ ಗಮನಕ್ಕೆ ಒಂದು ಮಾತು. ತಂತ್ರಾಂಶವನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಲು ಮಕ್ಕಳಿಗೆ ಹೇಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನಿಂದ ಬೇಡ. 2017ರ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕ್‌ನದೇ ಒಂದು ಡೌನ್‌ಲೋಡ್ ಸರ್ವರಿಗೆ ಕಳ್ಳರು ನುಗ್ಗಿ, ಮ್ಯಾಕ್ ಕಂಪ್ಯೂಟರಿನ ಪ್ರತಿಯ ಜಾಗದಲ್ಲಿ ದುಷ್ಟ ತಂತ್ರಾಂಶ ಇಟ್ಟಿದ್ದರು. ಕೆಲವು ದಿನಗಳಲ್ಲಿ ಅದು ಪತ್ತೆಯಾಗಿ, ತಯಾರಕರೇ ಎಚ್ಚರಿಕೆ ಪ್ರಕಟಿಸಿದರು. ಅಸಲಿ ತಾಣಕ್ಕೇ ಹೀಗಾಗಿರುವಾಗ ನಕಲಿ ತಾಣಗಳ ಮಾತೇನು?

ಟೇಪಿನ ಕೆಲಸಕ್ಕೆ ಮರಳೋಣ. ಮೊದಲು ದಾಖಲಿಸಿದ ದೊಡ್ಡ ಫೈಲನ್ನು ಅಳಿಸದೆ ಬೇರೊಂದು ಹಾರ್ಡ್ ಡಿಸ್ಕಿನಲ್ಲಿಡಿ. ಹತ್ತು ವರ್ಷದ ಮೇಲೆ ಇದಕ್ಕಿಂತ ಒಳ್ಳೆಯ ಕೋಡೆಕ್ ಬಂದರೆ ಅದರಿಂದಲೇ ಹೊಸ ಪ್ರತಿ ಮಾಡಬಹುದು. ಇಡೀ ಚಿತ್ರಕ್ಕೆ ಕೈಹಾಕುವ ಮುನ್ನ ಒಂದು ನಿಮಿಷದ ತುಣುಕನ್ನು ಪರಿವರ್ತಿಸಿ, ಓಡಾಟವಿರುವ ದೃಶ್ಯವನ್ನೂ ಕತ್ತಲೆಯ ದೃಶ್ಯವನ್ನೂ ನೋಡಿ. ತುಟಿಗೂ ಮಾತಿಗೂ ಹೊಂದಿಕೆಯಿದೆಯೇ ಎಂಬುದನ್ನು ಚಿತ್ರದ ಆರಂಭದಲ್ಲಿ ಅಲ್ಲ, ಕೊನೆಯಲ್ಲಿ ಪರೀಕ್ಷಿಸಬೇಕು. ಹೊಂದಿಕೆ ತಪ್ಪಿದ್ದರೆ ಅಲ್ಲಿಗೆ ಬರುವಷ್ಟರಲ್ಲಿ ಅಂತರ ಬೆಳೆದಿರುತ್ತದೆ.

ದಾಖಲಿಸುವಾಗ ಎಂಪಿ4 ಬದಲು ಎಂಕೆವಿ ಡಬ್ಬಿ ಆರಿಸುವುದು ನಮ್ಮ ಕಡೆಗೆ ಒಳ್ಳೆಯದು. ನಡುವೆ ಕರೆಂಟು ಹೋದರೆ, ಸಾಮಾನ್ಯ ಎಂಪಿ4ರಲ್ಲಿ ಸೂಚಿ ಬರೆಯುವುದು ಕಟ್ಟಕಡೆಗೆ ಆದ್ದರಿಂದ ಫೈಲು ತೆರೆಯುವುದೇ ಇಲ್ಲ. ಎಂಕೆವಿಯಲ್ಲಿ ಅಲ್ಲಿಯವರೆಗಿನ ಚಿತ್ರ ಸಿಗುತ್ತದೆ. ಆಮೇಲೆ ಎಂಪಿ4 ಬೇಕಾದರೆ ಡಬ್ಬಿ ಬದಲಿಸಿದರಾಯಿತು. ಟೇಪುಗಳು ಹತ್ತಾರಿದ್ದರೆ ಕಾಫಿ ಕೊಯ್ಲು ಮುಗಿದ ಮೇಲೆ, ಫೆಬ್ರವರಿ–ಮಾರ್ಚ್‌ನ ಒಣ ದಿನಗಳಲ್ಲಿ ಆರಂಭಿಸಿ. ಕೆಲಸ ಮುಗಿದ ಕ್ಯಾಸೆಟ್ಟುಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಹೊರಗೋಡೆಗೆ ತಾಗದ ಒಣ ಕಪಾಟಿನಲ್ಲಿಡಿ.