ಭಾಗಿಸಿದರೂ ಕುಗ್ಗದ ಸಂಖ್ಯೆ

ಸೈಕಲ್ ದಾಖಲೆಗಳಲ್ಲಿ ದೊಡ್ಡ ಸಂಖ್ಯೆ ಕಂಡಾಗ ಬೆರಗಾಗುವ ಮೊದಲು ಒಮ್ಮೆ ದಿನಗಳ ಲೆಕ್ಕದಲ್ಲಿ ಭಾಗಿಸಿ ನೋಡಬೇಕು. ಲಕ್ಷ ಲಕ್ಷ ಕಿಲೋಮೀಟರ್‌ಗಳೂ ಆಗ ನಮ್ಮ ನಿಮ್ಮ ಕೈಗೆಟುಕುವ ಮಟ್ಟಕ್ಕೆ ಇಳಿದುಬಿಡುತ್ತವೆ.

ಜರ್ಮನಿಯ ಹೈಂಜ್ ಸ್ಟ್ಯೂಕೆ ಕಾರ್ಖಾನೆಯ ಕೆಲಸಕ್ಕೆ ಮರಳುವ ಮನಸ್ಸಿಲ್ಲದೆ 1962ರಲ್ಲಿ ಮೂರು ಗೇರಿನ ಸೈಕಲ್ ಹತ್ತಿ ಊರು ಬಿಟ್ಟವರು. ಮತ್ತೆ ಊರಿಗೆ ಬಂದು ನೆಲೆಸಿದ್ದು 2014ರಲ್ಲಿ. ಅಷ್ಟರಲ್ಲಿ ತುಳಿದದ್ದು ಸುಮಾರು 6,48,000 ಕಿ.ಮೀ. ಚಂದ್ರ ನಮ್ಮಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿದ್ದಾನೆ. ಅಂದರೆ ಸ್ಟ್ಯೂಕೆ ಚಂದ್ರನನ್ನು ಮುಟ್ಟಿ, ಹಿಂದಿರುಗುವ ದಾರಿಯಲ್ಲೂ ಮೂರನೇ ಎರಡು ಪಾಲು ಬಂದಾಗಿತ್ತು. ಈಗ ಭಾಗಿಸಿ: ದಿನಕ್ಕೆ ಸುಮಾರು 35 ಕಿ.ಮೀ. ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಹೋಗಿ ಬರುವವರು ಇದರ ಮೂರು ಪಟ್ಟು ತುಳಿಯುತ್ತಾರೆ. ಸ್ಟ್ಯೂಕೆಯವರ ವಿಷಯದಲ್ಲಿ ದಂಗಾಗಿಸುವುದು ಆ ಐವತ್ತು ಚಿಲ್ಲರೆ ವರ್ಷ. ಕಿಲೋಮೀಟರ್ ಅದರ ಬಡ್ಡಿ ಮಾತ್ರ.

1923ರ ಅಕ್ಟೋಬರಿನಲ್ಲಿ ಮುಂಬೈಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ ಮೇಲೆ ಲೋಕ ಸುತ್ತಲು ಹೊರಟರು. ಪೂರ್ತಿ ಸುತ್ತಿ 1928ರ ಮಾರ್ಚಿನಲ್ಲಿ ವಾಪಸು ಬಂದವರು ಆದಿ ಹಕೀಮ್, ಜಾಲ್ ಬಾಪಸೋಲ, ರುಸ್ತುಂ ಭುಮ್‌ಗಾರ, ಈ ಮೂವರೇ. ಪರ್ಷಿಯ, ಸಿನಾಯ್‌ಗಳ ಮರಳುಗಾಡನ್ನೂ ದಾಟಿ ಅವರು ಕ್ರಮಿಸಿದ್ದು ಸುಮಾರು 71,000 ಕಿ.ಮೀ. ದಿನಕ್ಕೆ 44 ಬಿತ್ತು. ರಸ್ತೆಯೇ ಇಲ್ಲದ ಕಡೆ 44 ಅಂದರೆ ಏನೆಂದು ಊಹಿಸಬಹುದು, ಆದರೂ ಅದು ಮನುಷ್ಯರ ಅಳತೆಯ ಸಂಖ್ಯೆ.

ಹೀಗೆ ಭಾಗಿಸಿದರೂ ಬಗ್ಗದ ಸಂಖ್ಯೆಯೊಂದಿದೆ: 75,065 ಮೈಲಿ. 1939ರ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಇಂಗ್ಲೆಂಡಿನ ಟಾಮಿ ಗಾಡ್ವಿನ್ ತುಳಿದ ದೂರ ಅದು. ಕಿಲೋಮೀಟರಿನಲ್ಲಿ 1,20,805. ಭೂಮಿಗೆ ಮೂರು ಸುತ್ತು. 365ರಿಂದ ಭಾಗಿಸಿದರೆ ದಿನಕ್ಕೆ 331 ಕಿ.ಮೀ. (1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದ ಟಾಮಿ ಗಾಡ್ವಿನ್ ಬೇರೆಯವರು. ಸೈಕಲ್ ಪ್ರಿಯರೇ ಇಬ್ಬರನ್ನೂ ಬೆರೆಸಿಬಿಡುತ್ತಾರೆ.)

ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಮಾಡಿದವರಿಗೆ 331ರ ತೂಕ ಬೇಗ ಗೊತ್ತಾಗುತ್ತದೆ. 200 ಕಿ.ಮೀ. ಬ್ರೆವೆಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40 ಗಂಟೆಗಳ ಗಡುವು. ಬೆಳಗಿನ ಜಾವ ಹೊರಟು, ಕಂಟ್ರೋಲ್ ಎಂಬ ತಪಾಸಣಾ ತಾಣಗಳಲ್ಲಿ ಕಾರ್ಡಿಗೆ ಸಹಿ ಹಾಕಿಸಿಕೊಂಡು, ಯಾರೂ ಸಿಗದ ಊರಿನಲ್ಲಿ ಎಟಿಎಂ ಚೀಟಿಯನ್ನೇ ಸಾಕ್ಷಿಯಾಗಿ ಜೇಬಿಗಿಳಿಸಿ, ನಡುರಾತ್ರಿ ಪೆಟ್ರೋಲ್ ಬಂಕಿನ ಕಟ್ಟೆ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿ 300 ಮುಗಿಸಿದವರಿಗೆ ಮರುದಿನ ಮೆಟ್ಟಿಲಿಳಿಯುವುದೂ ಒಂದು ಕೆಲಸವೇ. ಒಂದೇ ಋತುವಿನಲ್ಲಿ ಈ ನಾಲ್ಕನ್ನೂ ಮಾಡಿದರೆ 1,500 ಕಿ.ಮೀ., ‘ಸೂಪರ್ ರಾಂಡನರ್’ ಪಟ್ಟ. ಗಾಡ್ವಿನ್ ಅಷ್ಟನ್ನು ಐದು ದಿನದೊಳಗೆ ತುಳಿದಿದ್ದರು, ವರ್ಷವಿಡೀ, ಒಂದರ ಬೆನ್ನಿಗೆ ಒಂದರಂತೆ.

ಇನ್ನೊಂದು ಲೆಕ್ಕ ನನಗೆ ಇನ್ನೂ ಜೀರ್ಣವಾಗಿಲ್ಲ. ದೂರದ ಸೈಕಲ್ ಸವಾರರ ಕಾಶಿ ಎಂದರೆ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಈ 1,200 ಕಿ.ಮೀ. ಸವಾರಿಗೆ 90 ಗಂಟೆಗಳ ಗಡುವು. ಅದೇ ವರ್ಷ ಸೂಪರ್ ರಾಂಡನರ್ ಆದವರಿಗಷ್ಟೇ ಪ್ರವೇಶ. ಭಾರತದಿಂದಲೂ ನೂರಾರು ಮಂದಿ ಸೈಕಲ್ ಬಿಚ್ಚಿ, ಡಬ್ಬದಲ್ಲಿ ತುಂಬಿ, ವಿಮಾನ ಹತ್ತುತ್ತಾರೆ. ಗಾಡ್ವಿನ್‌ರ ಒಂದು ವರ್ಷದಲ್ಲಿ ಇಂಥ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಷ್ಟಿವೆ? ಸರಿಸುಮಾರು ನೂರು. ಒಂದೊಂದಕ್ಕೂ 88 ಗಂಟೆಗಿಂತ ಕಡಿಮೆ, ನಿದ್ದೆಯೂ ಊಟವೂ ಅದರಲ್ಲೇ. ಅಂದರೆ ನೂರನ್ನೂ ಗಡುವಿನೊಳಗೇ ಮುಗಿಸಿದಂತಾಯಿತು.

ಗಾಡ್ವಿನ್ ಏನೂ ಅನುಕೂಲಸ್ಥರಲ್ಲ. ಸ್ಟೋಕ್-ಆನ್-ಟ್ರೆಂಟ್‌ನವರು, ಹುಡುಗನಾಗಿದ್ದಾಗ ಸೈಕಲ್ ಮೇಲೆ ಮನೆ ಮನೆಗೆ ಸಾಮಾನು ಮುಟ್ಟಿಸುತ್ತಿದ್ದವರು. ಆ ಭಾರದ ಸೈಕಲ್ಲಿನ ಬುಟ್ಟಿಯನ್ನು ಕಿತ್ತೆಸೆದು, ಹದಿನಾಲ್ಕನೇ ವಯಸ್ಸಿಗೆ 25 ಮೈಲಿಯ ಪಂದ್ಯವನ್ನು 65 ನಿಮಿಷದಲ್ಲಿ ಗೆದ್ದರಂತೆ. ದಾಖಲೆಯ ವರ್ಷ ಅವರ ಕೆಳಗಿದ್ದದ್ದು ಉಕ್ಕಿನ ಸೈಕಲ್. ಬಹುಪಾಲು ರ‍್ಯಾಲಿ ಕಂಪನಿಯದು, ನಾಲ್ಕೇ ಗೇರು. ಮಾಂಸ ಮುಟ್ಟುತ್ತಿರಲಿಲ್ಲ. ಬ್ರೆಡ್ಡು, ಹಾಲು, ಮೊಟ್ಟೆ, ಚೀಸು ಇಷ್ಟೇ ಇಂಧನ. ಜಿಪಿಎಸ್ ಇಲ್ಲದ ಕಾಲ. ದಾರಿಯಲ್ಲಿ ಸಿಕ್ಕವರಿಂದ ಕಾರ್ಡಿಗೆ ಸಹಿ ಹಾಕಿಸಿ ದೂರವನ್ನು ರುಜುವಾತು ಮಾಡಬೇಕಿತ್ತು.

ಜೂನ್ 21, ಅಲ್ಲಿ ವರ್ಷದ ಅತಿ ದೀರ್ಘ ಹಗಲು. ಅವತ್ತು ತುಳಿದದ್ದು 361 ಮೈಲಿ, ಅಂದರೆ 581 ಕಿ.ಮೀ. ಬೇಸಿಗೆಯಲ್ಲಿ ಹೀಗೆ ಕೂಡಿಟ್ಟುಕೊಳ್ಳದಿದ್ದರೆ ಚಳಿಗಾಲದಲ್ಲಿ ಸಾಲ ಬೀಳುತ್ತದೆ. ಆದರೆ ಆ ವರ್ಷದ ಚಳಿಗಾಲಕ್ಕೆ ಮುಂಚೆ ಬಂದದ್ದು ಯುದ್ಧ. ಸೆಪ್ಟೆಂಬರಿನಿಂದ ಇಡೀ ಬ್ರಿಟನ್ನಿನಲ್ಲಿ ರಾತ್ರಿ ದೀಪ ನಿಷೇಧ. ಬೀದಿದೀಪ ಇಲ್ಲ, ಕಿಟಕಿಗಳಿಗೆ ಕಪ್ಪು ಪರದೆ, ಸೈಕಲ್ ದೀಪಕ್ಕೂ ಪಟ್ಟಿ ಅಂಟಿಸಿ ಸೀಳು ಬೆಳಕಷ್ಟೇ ಉಳಿಸಿಕೊಳ್ಳಬೇಕು. ಅದೇ ಬೆಳಕಿನಲ್ಲಿ ಗಾಡ್ವಿನ್ ಮುಂದುವರಿದರು. ಅಕ್ಟೋಬರ್ 26ರಂದು ಆಸ್ಟ್ರೇಲಿಯದ ಆಸಿ ನಿಕಲ್ಸನ್ನರ 62,657 ಮೈಲಿಗಳ ದಾಖಲೆ ಮುರಿಯಿತು. ಬೇರೆ ಯಾರಾದರೂ ಅಲ್ಲೇ ಸೈಕಲ್ ಗೋಡೆಗೆ ಒರಗಿಸುತ್ತಿದ್ದರು. ಇನ್ನೂ ಎರಡು ತಿಂಗಳಿದೆಯಲ್ಲ ಎಂದು ಇವರು ಮತ್ತೆ ಹನ್ನೆರಡು ಸಾವಿರ ಮೈಲಿ ಸೇರಿಸಿದರು.

ವಾರಕ್ಕೊಂದು ರಜೆ ತೆಗೆದುಕೊಂಡಿದ್ದರೆ? 52 ರಜಾದಿನ ಕಳೆದು ಉಳಿದ 313 ದಿನ ತಲಾ 386 ಕಿ.ಮೀ. ತುಳಿಯಬೇಕಾಗುತ್ತಿತ್ತು. ನೆಗಡಿಗೂ ಜ್ವರಕ್ಕೂ ಇಲ್ಲಿ ಲೆಕ್ಕದಲ್ಲಿ ಜಾಗವಿಲ್ಲ. ಚಕ್ರ ಸುತ್ತಿದ್ದು ಸುಮಾರು 5.7 ಕೋಟಿ ಸಲ, ಕಾಲು ತಿರುಗಿದ್ದು ಸುಮಾರು 2 ಕೋಟಿ ಸಲ. ಇದು ನನ್ನ ಅಂದಾಜು. ಯಾವ ಗೇರಿನಲ್ಲಿ ಎಷ್ಟು ಹೊತ್ತು ತುಳಿದರೆಂಬುದರ ಮೇಲೆ ಸ್ವಲ್ಪ ಆಚೀಚೆ ಆಗುತ್ತದೆ.

ಡಿಸೆಂಬರ್ 31ಕ್ಕೂ ನಿಲ್ಲಲಿಲ್ಲ. 1940ರ ಜನವರಿಯ ಕಡುಚಳಿಯಲ್ಲಿ ತುಳಿಯುತ್ತಲೇ ಹೋಗಿ, ಮೇ ತಿಂಗಳಲ್ಲಿ 500 ದಿನಕ್ಕೆ 1,00,000 ಮೈಲಿ ಪೂರೈಸಿದರು. ಸೀಟಿನಿಂದ ಇಳಿದ ಮೇಲೆ ನಡೆಯುವುದನ್ನೇ ಮತ್ತೆ ಕಲಿಯಲು ವಾರಗಳು ಬೇಕಾದವು. ಆಮೇಲೆ ವಾಯುಪಡೆ ಸೇರಿದರು. ಯುದ್ಧ ಮುಗಿಸಿ ಬಂದು ಹವ್ಯಾಸಿ ಪಂದ್ಯಗಳಲ್ಲಿ ಓಡಿಸುತ್ತೇನೆ ಅಂದರೆ ಆಡಳಿತದವರು ಬಿಡಲಿಲ್ಲ. ಕಂಪನಿಯ ಬೆಂಬಲದಲ್ಲಿ ದಾಖಲೆ ಮಾಡಿದ್ದೀರಿ, ಆದ್ದರಿಂದ ನೀವು ವೃತ್ತಿಪರರು ಎಂಬ ವಾದ. ಜೊತೆಯ ಸವಾರರು ಸಹಿ ಸಂಗ್ರಹಿಸಿ ಅರ್ಜಿ ಕೊಟ್ಟರೂ ಪ್ರಯೋಜನವಾಗಲಿಲ್ಲ. ಲಕ್ಷ ಮೈಲಿ ತುಳಿದವರಿಗೆ ಹತ್ತು ಮೈಲಿಯ ಪಂದ್ಯದ ಬಾಗಿಲೂ ಮುಚ್ಚಿತು.

1939ರ ಆ ವಾರ್ಷಿಕ ದಾಖಲೆ 76 ವರ್ಷ ಅಲ್ಲಾಡಲಿಲ್ಲ. 2015ರಲ್ಲಿ ಬ್ರಿಟನ್ನಿನ ಸ್ಟೀವ್ ಏಬ್ರಹಾಂ ಕೈಹಾಕಿದರು; ಮಾರ್ಚಿನಲ್ಲಿ ಮೊಪೆಡ್ ಬಡಿದು ಕಾಲು ಮುರಿಯಿತು. ಮೂರು ಚಕ್ರದ ಸೈಕಲ್ ತರಿಸಿ ಒಂದೇ ಕಾಲಿನಲ್ಲಿ ತುಳಿದರು, ಹುಚ್ಚು ಅಂದರೆ ಹುಚ್ಚು. 2016ರ ಜನವರಿಯಲ್ಲಿ ಅಮೆರಿಕದ ಕರ್ಟ್ ಸರ್ವೋಗೆಲ್ 76,076 ಮೈಲಿಗೆ ತಲುಪಿದರು. ಮರುವರ್ಷ ಮೇ ತಿಂಗಳಲ್ಲಿ ಅಮೆರಿಕದವರೇ ಆದ ಅಮಾಂಡಾ ಕೋಕರ್ ಎಂಬ ಯುವತಿ ಅದನ್ನೂ ಹಿಂದೆ ಹಾಕಿದರು: 86,573 ಮೈಲಿ, ಅಂದರೆ 1,39,326 ಕಿ.ಮೀ. 2011ರಲ್ಲಿ ಕಾರು ಗುದ್ದಿ ಜರ್ಜರಿತರಾಗಿದ್ದವರು ಇವರು. ವಾಹನಗಳ ಕಾಟವಿಲ್ಲದ ಜಾಗವನ್ನೇ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಫ್ಲಾರಿಡಾದ ಟ್ಯಾಂಪಾ ಬಳಿಯ ಫ್ಲಾಟ್‌ವುಡ್ಸ್ ಪಾರ್ಕಿನಲ್ಲಿ ಏಳು ಮೈಲಿಯ ಒಂದು ಸುತ್ತಿದೆ. ಅದೇ ಮರ, ಅದೇ ತಿರುವು, ದಿನಕ್ಕೆ ಮೂವತ್ತಕ್ಕೂ ಹೆಚ್ಚು ಸಲ.

ಪಾರ್ಕಿನಲ್ಲಿ ಸುತ್ತು ಹಾಕಿದರೆ ಅದೆಂಥ ಪ್ರಯಾಣ ಎಂದು ಮೂಗು ಮುರಿಯುವವರಿದ್ದಾರೆ. ನನಗೂ ಯುದ್ಧಕಾಲದ ಕತ್ತಲಲ್ಲಿ ಹೆದ್ದಾರಿ ತುಳಿದ ಗಾಡ್ವಿನ್ನರೇ ಒಂದು ತೂಕ ಹೆಚ್ಚು. ಆದರೆ ದಾರಿ ಬದಲಾಗುತ್ತಿದ್ದರೆ ಕಣ್ಣಿಗಾದರೂ ಬಿಡುವು ಸಿಗುತ್ತದೆ. ಕೋಕರ್‌ಗೆ ಅದೂ ಇರಲಿಲ್ಲ. ಅವರೂ ವರ್ಷ ಮುಗಿದ ಮೇಲೆ ಸೈಕಲ್ ಇಳಿಯದೆ 423 ದಿನಕ್ಕೆ ಲಕ್ಷ ಮೈಲಿ ಮುಟ್ಟಿದರು, ಗಾಡ್ವಿನ್‌ಗಿಂತ 77 ದಿನ ಮೊದಲು. ಕೋಕರ್‌ರ ವಾರ್ಷಿಕ ದಾಖಲೆಯ ಮೇಲೆ ಕಣ್ಣಿಡುವವರು ಮೊದಲ ದಿನವೇ 382 ಕಿ.ಮೀ. ತುಳಿಯಬೇಕು, ಮರುದಿನವೂ ಅಷ್ಟೇ, ಪಂಕ್ಚರ್ ಆದ ದಿನವೂ ಅಷ್ಟೇ.