ಉದ್ಯಮಬಾಗದ ಮೀಟರು, ಖಾನಾಪುರದ ಫೀಡರು

ಬೆಳಗಾವಿಯ ಉದ್ಯಮಬಾಗದಲ್ಲಿ ಯಾವುದಾದರೊಂದು ಫೌಂಡ್ರಿಯ ಕರೆಂಟ್ ಬಿಲ್ಲನ್ನು ಕೇಳಿ ಪಡೆದು ನೋಡಿ. ನಮ್ಮ ನಿಮ್ಮ ಮನೆಯ ಬಿಲ್ಲಿನ ಹಾಗೆ ಅದರಲ್ಲಿ ಯೂನಿಟ್ಟಿನ ಲೆಕ್ಕ ಮಾತ್ರ ಇರುವುದಿಲ್ಲ. ತಿಂಗಳಲ್ಲಿ ಒಮ್ಮೆಗೇ ಅತಿ ಹೆಚ್ಚು ಎಷ್ಟು ಕೆವಿಎ ಎಳೆದಿರಿ, ಪವರ್ ಫ್ಯಾಕ್ಟರ್ ಎಷ್ಟಿತ್ತು ಎಂಬುದೆಲ್ಲ ದಾಖಲಾಗಿರುತ್ತದೆ. ಕುಲುಮೆಗೆ ಸ್ವಿಚ್ ಹಾಕಿದ ಕ್ಷಣದಿಂದ ಅದರ ಜಾತಕ ಬರೆಯಲು ಒಂದು ಮೀಟರು ಕೂತಿರುತ್ತದೆ. ಅಲ್ಲಿಂದ 25 ಕಿಲೋಮೀಟರ್ ಆಚೆಯ ಖಾನಾಪುರ ದಾಟಿ ಜಾಂಬೋಟಿ, ಕಣಕುಂಬಿಯ ಕಡೆ ಹೋದರೆ, ಅದೇ ವಿದ್ಯುತ್ ಕಂಪನಿ ಹೆಸ್ಕಾಂನ 11 ಕೆವಿ ಫೀಡರು, ಅಂದರೆ ಸಬ್‌ಸ್ಟೇಷನ್ನಿನಿಂದ ಹೊರಡುವ ತಂತಿ, ಕಾಡು, ಗದ್ದೆ, ಹಳ್ಳಗಳ ಮೇಲೆ ಹಾದುಹೋಗುತ್ತದೆ. ಈ ತಂತಿಗೆ ಕಣ್ಣು ಇರುವುದು ಬಹುಮಟ್ಟಿಗೆ ಹೊರಡುವ ತುದಿಯಲ್ಲಿ ಮಾತ್ರ. ನಡುದಾರಿಯಲ್ಲಿ ಏನಾಯಿತೆಂದು ತಿಳಿಯುವುದು ಯಾರಾದರೂ ಫೋನ್ ಮಾಡಿದ ಮೇಲೆ.

ಈ ವ್ಯತ್ಯಾಸಕ್ಕೆ ಹಣ, ದೂರ, ಮಳೆ ಎಲ್ಲವೂ ಕಾರಣವಿರಬಹುದು. ನನಗೆ ಕಾಣುವ ಮುಖ್ಯ ಕಾರಣ ಬೇರೆ. ವಿದ್ಯುತ್ತನ್ನು ಅಳೆಯುವ ಸಾಧನಗಳನ್ನು ನಾವು ಬಿಲ್ಲು ವಸೂಲಿಯ ಯಂತ್ರಗಳೆಂದು ತಿಳಿದುಕೊಂಡಿದ್ದೇವೆ. ಅಳೆಯುವ ಯಂತ್ರಕ್ಕೂ ಹತೋಟಿಯ ಯಂತ್ರಕ್ಕೂ ಹುಟ್ಟಿನಿಂದಲೇ ನಂಟಿದೆ ಎಂಬುದು ಮರೆತುಹೋಗಿದೆ.

ಮಾರಾಟಕ್ಕಿಟ್ಟ ವಿದ್ಯುತ್ತನ್ನು ಮೊದಲು ತೂಗಿ ಮಾರಿದವನು ಥಾಮಸ್ ಎಡಿಸನ್. ತೂಗಿ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಅವನ ಮೀಟರಿನಲ್ಲಿ ಸತುವಿನ ತಗಡುಗಳನ್ನು ಸತುವಿನ ಸಲ್ಫೇಟ್ ದ್ರಾವಣದಲ್ಲಿ ಮುಳುಗಿಸಿಟ್ಟಿದ್ದರು. ಕರೆಂಟ್ ಹರಿದಷ್ಟೂ ಒಂದು ತಗಡಿನ ಸತು ಕರಗಿ ಇನ್ನೊಂದಕ್ಕೆ ಅಂಟಿಕೊಳ್ಳುತ್ತಿತ್ತು. ತಿಂಗಳಿಗೊಮ್ಮೆ ನೌಕರ ಬಂದು ತಗಡನ್ನು ಒಯ್ದು ತಕ್ಕಡಿಗೆ ಹಾಕುತ್ತಿದ್ದ. ಚಳಿಗಾಲದಲ್ಲಿ ದ್ರಾವಣ ಹೆಪ್ಪುಗಟ್ಟದಿರಲೆಂದು ಪೆಟ್ಟಿಗೆಯೊಳಗೆ ಒಂದು ಬಲ್ಬು ಬೇರೆ ಉರಿಯಬೇಕಿತ್ತು. ಗಿರಾಕಿಗೆ ತನ್ನ ಮೀಟರನ್ನು ತಾನೇ ಓದುವ ದಾರಿ ಇರಲಿಲ್ಲ. ಕಂಪನಿಯ ತಕ್ಕಡಿ ಹೇಳಿದ್ದೇ ಲೆಕ್ಕ. ಅದೂ ನೇರ ವಿದ್ಯುತ್ತಿಗೆ ಮಾತ್ರ. ದಿಕ್ಕು ಬದಲಿಸುತ್ತ ಓಡಾಡುವ ಪರ್ಯಾಯ ವಿದ್ಯುತ್ತು ಈ ಸತುವಿಗೆ ದಕ್ಕುತ್ತಿರಲಿಲ್ಲ.

ಪರ್ಯಾಯ ವಿದ್ಯುತ್ತಿಗೆ ಮೀಟರು ಸಿಕ್ಕಿದ್ದು ಆಕಸ್ಮಿಕವಾಗಿ. 1888ರಲ್ಲಿ ಅಮೆರಿಕದ ಎಂಜಿನಿಯರ್ ಆಲಿವರ್ ಶಾಲೆನ್‌ಬರ್ಗರ್ ಒಂದು ಆರ್ಕ್ ದೀಪವನ್ನು ಪರೀಕ್ಷಿಸುತ್ತಿದ್ದಾಗ ಅದರೊಳಗೆ ಸಣ್ಣ ಸ್ಪ್ರಿಂಗೊಂದು ಬಿತ್ತು. ಬಿದ್ದ ಸ್ಪ್ರಿಂಗು ಸುರುಳಿಯ ಪಕ್ಕದಲ್ಲಿ ತಾನಾಗಿ ತಿರುಗುತ್ತಿತ್ತು. ಇನ್ನೊಬ್ಬರಾದರೆ ಅದನ್ನು ಎತ್ತಿ ಬಿಸಾಡಿ ಕೆಲಸ ಮುಂದುವರಿಸುತ್ತಿದ್ದರೇನೋ. ಅವನು ಅದು ಏಕೆ ತಿರುಗುತ್ತಿದೆ ಎಂದು ನೋಡಿದ, ಕೆಲವೇ ವಾರಗಳಲ್ಲಿ ಅದರಿಂದ ಒಂದು ಮೀಟರು ಮಾಡಿದ. ಇತ್ತ ಇಟಲಿಯಲ್ಲಿ ಗೆಲಿಲಿಯೊ ಫೆರಾರಿಸ್ ಇದೇ ತತ್ವವನ್ನು ಆಗಲೇ ಕಂಡುಕೊಂಡಿದ್ದ. 1889ರಲ್ಲಿ ಹಂಗೇರಿಯ ಗಾಂಜ್ ಕಾರ್ಖಾನೆಯ ಒಟ್ಟೊ ಬ್ಲಾತಿ ಪೇಟೆಂಟ್ ಪಡೆದ ಮೀಟರು ಕರೆಂಟಿನ ಜತೆಗೆ ವೋಲ್ಟೇಜನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೊರಡುವ ಹೊತ್ತಿಗೆ ಈ ಮೀಟರಿಗೆ ಹದಿಮೂರು ವರ್ಷವಾಗಿತ್ತು. ನಮ್ಮ ಅಜ್ಜನ ಕಾಲದ ಮನೆಗಳ ಜಗಲಿಯಲ್ಲಿ ಗಾಜಿನ ಹಿಂದೆ ತಿರುಗುತ್ತಿದ್ದ ಅಲ್ಯೂಮಿನಿಯಂ ತಟ್ಟೆ ಇದರದೇ ಸಂತತಿ.

ಆ ತಟ್ಟೆಗೆ ಯಾವ ತಂತಿಯೂ ತಾಗಿರುವುದಿಲ್ಲ, ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವೂ ಅಲ್ಲ. ಆದರೂ ಅದು ತಿರುಗುತ್ತದೆ. ಅದರ ಒಂದು ಬದಿಗೆ ವೋಲ್ಟೇಜ್ ಸುರುಳಿ, ಇನ್ನೊಂದು ಬದಿಗೆ ಕರೆಂಟ್ ಸುರುಳಿ. ಎರಡರ ಕಾಂತಕ್ಷೇತ್ರಗಳೂ ಸೆಕೆಂಡಿಗೆ 50 ಆವರ್ತ ಏರಿಳಿಯುತ್ತವೆ. ಆದರೆ ಒಂದು ಮೇಲೇರುವ ಹೊತ್ತಿಗೆ ಇನ್ನೊಂದು ಸ್ವಲ್ಪ ಹಿಂದಿರುತ್ತದೆ. ಈ ಏರಿಳಿತ ತಟ್ಟೆಯೊಳಗೆ ಸುಳಿಗರೆಂಟುಗಳನ್ನು ಎಬ್ಬಿಸುತ್ತದೆ, ಒಂದು ಕ್ಷೇತ್ರ ಎಬ್ಬಿಸಿದ ಸುಳಿಯನ್ನು ಇನ್ನೊಂದು ತಳ್ಳುತ್ತದೆ. ತಳ್ಳುವ ಬಲ ನೀವು ಬಳಸುತ್ತಿರುವ ಪವರಿಗೆ ತಕ್ಕಷ್ಟು. ಇಷ್ಟೇ ಆಗಿದ್ದರೆ ತಟ್ಟೆ ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋಗಬೇಕಿತ್ತು. ಅದಕ್ಕೆಂದೇ ಅಂಚಿನಲ್ಲಿ ಒಂದು ಕಾಯಂ ಅಯಸ್ಕಾಂತವನ್ನು ಬ್ರೇಕಿನಂತೆ ಇಟ್ಟರು. ವೇಗ ಹೆಚ್ಚಿದಷ್ಟೂ ಅದರ ತಡೆ ಹೆಚ್ಚು. ತಳ್ಳುವಿಕೆ, ತಡೆ ಎರಡೂ ಸಮವಾದಾಗ ವೇಗವೇ ಪವರಿನ ಅಳತೆಯಾಗುತ್ತದೆ; ಸುತ್ತುಗಳನ್ನು ಎಣಿಸಿದರೆ ಯೂನಿಟ್ಟು. ಇಡೀ ಮೀಟರಿನಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವುದು ಈ ಬ್ರೇಕು.

ಈಗಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ತಟ್ಟೆ ಇಲ್ಲ. ಒಳಗಿನ ಚಿಪ್ಪು ಸೆಕೆಂಡಿಗೆ ಸಾವಿರಾರು ಬಾರಿ ವೋಲ್ಟೇಜನ್ನೂ ಕರೆಂಟನ್ನೂ ನೋಡಿ, ಗುಣಿಸಿ, ಕೂಡಿಸುತ್ತದೆ. ಹೊರಗೆ ಕೆಂಪು ದೀಪವೊಂದು ಮಿನುಗುತ್ತದೆ. ನಿಮ್ಮ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ 3200 ಇಂಪಲ್ಸ್ ಎಂದು ಬರೆದಿದ್ದರೆ, 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯೊಂದನ್ನೇ ಹಚ್ಚಿಟ್ಟಾಗ ಆ ದೀಪ ನಿಮಿಷಕ್ಕೆ 53 ಸಲ ಮಿನುಗಬೇಕು. ಮೀಟರು ಜಾಸ್ತಿ ಓಡುತ್ತಿದೆ ಎಂದು ಗುಮಾನಿಯಿದ್ದವರು ಕಚೇರಿಗೆ ಅಲೆಯುವ ಮೊದಲು ಗಡಿಯಾರ ಹಿಡಿದು ಎಣಿಸಬಹುದು. ಎಡಿಸನ್ನನ ಗಿರಾಕಿಗೆ ಈ ಅನುಕೂಲ ಇರಲಿಲ್ಲ.

ಮತ್ತೆ ಫೌಂಡ್ರಿಗೆ ಬರೋಣ. ಮೋಟರು, ವೆಲ್ಡಿಂಗ್ ಯಂತ್ರಗಳಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ರಸ್ತೆಯ ಮೇಲಿನ ಗಾಡಿಯನ್ನು ಪಕ್ಕದ ಬದುವಿನಲ್ಲಿ ನಡೆಯುತ್ತ ಓರೆಯಾಗಿ ಎಳೆದ ಹಾಗೆ: ಹಗ್ಗಕ್ಕೆ ಬೀಳುವ ಬಿಗಿ ಪೂರ್ತಿ, ಗಾಡಿ ಮುಂದೆ ಸಾಗಲು ಒದಗುವ ಬಲ ಅದರಲ್ಲೊಂದು ಪಾಲು. ಆ ಪಾಲೇ ಪವರ್ ಫ್ಯಾಕ್ಟರ್. 100 ಕಿಲೋವ್ಯಾಟ್ ಕೆಲಸಕ್ಕೆ ಪವರ್ ಫ್ಯಾಕ್ಟರ್ 0.7 ಇದ್ದರೆ ತಂತಿ 143 ಕೆವಿಎ ಹೊರಬೇಕು, 0.95 ಇದ್ದರೆ 105 ಸಾಕು. ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಮೊದಲನೆಯ ಲೆಕ್ಕದಲ್ಲಿ ನಷ್ಟ ಎರಡನೆಯದರ ಸುಮಾರು 1.85 ಪಟ್ಟು. ಮನೆಯ ಮೀಟರು ಕೊಡುವ ಯೂನಿಟ್ ಲೆಕ್ಕ ಮಾತ್ರ ಎರಡರಲ್ಲೂ ಒಂದೇ. ಆದ್ದರಿಂದಲೇ ಕೈಗಾರಿಕೆಗಳಿಗೆ ಟ್ರೈವೆಕ್ಟರ್ ಮೀಟರು ಬಂತು. ಕೆಲಸಕ್ಕೊದಗಿದ ಪವರು, ಒದಗದೆ ಓಡಾಡಿದ ಪವರು, ಎರಡೂ ಸೇರಿದ ಒಟ್ಟು ಹೊರೆ, ಈ ಮೂರನ್ನೂ ಅದು ಬರೆಯುತ್ತದೆ. ಕರ್ನಾಟಕದ ದರಪಟ್ಟಿಯಲ್ಲಿ ಪವರ್ ಫ್ಯಾಕ್ಟರ್ ಗೊತ್ತುಮಾಡಿದ ಮಿತಿಗಿಂತ ಕೆಳಗಿಳಿದರೆ ದಂಡವಿದೆ. ಆ ದಂಡದ ಭಯದಿಂದ ಕಾರ್ಖಾನೆಗಳಲ್ಲಿ ಕೆಪ್ಯಾಸಿಟರ್ ಪ್ಯಾನೆಲ್ಲುಗಳು ಕೂತವು. ಮೋಟರಿಗೆ ಬೇಕಾದ ಆ ಓಡಾಟದ ಪವರನ್ನು ಅಲ್ಲೇ ಒದಗಿಸಿ ತಂತಿಯ ಹೊರೆ ಇಳಿಸಿದವು. ಪೊಲೀಸರಿಲ್ಲ, ಉಪದೇಶವಿಲ್ಲ, ಮೀಟರಿನಲ್ಲಿ ಹೊಸದೊಂದು ಅಂಕಿ ಕಾಣಿಸಿದ್ದೇ ಸಾಕಾಯಿತು.

ಹಳ್ಳಿಯ ಕಡೆ ಇದೇ ಕೆಪ್ಯಾಸಿಟರು ಇನ್ನೊಂದು ವೇಷದಲ್ಲಿದೆ. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ತಾಸು ತ್ರೀ ಫೇಸ್ ಕೊಡುವುದು ಸರ್ಕಾರದ ಲೆಕ್ಕ. ಉಳಿದ ಹೊತ್ತು ಮನೆಗಳಿಗೆಂದು ಸಿಂಗಲ್ ಫೇಸ್ ಬಿಟ್ಟರೆ, ರೈತರು ‘ಕಂಡೆನ್ಸರ್’ ಹಾಕಿ ತ್ರೀ ಫೇಸ್ ಮೋಟರನ್ನು ಅದರಲ್ಲೇ ಓಡಿಸುವುದನ್ನು ಕಲಿತರು. ಕಂಡೆನ್ಸರ್ ಒಂದು ಸುರುಳಿಯ ಕರೆಂಟನ್ನು ಕಾಲದಲ್ಲಿ ಜರುಗಿಸುತ್ತದೆ, ಹಾಗೆ ಜರುಗಿದ ಎರಡು ಕ್ಷೇತ್ರಗಳು ಮೋಟರನ್ನು ತಿರುಗಿಸುತ್ತವೆ. ಮೀಟರಿನ ತಟ್ಟೆಯನ್ನು ತಿರುಗಿಸಿದ್ದೂ ಇದೇ ಉಪಾಯ. ಫೆರಾರಿಸ್ ಕಂಡದ್ದನ್ನು ಬಾವಿಯ ಬದಿಯ ಮೆಕ್ಯಾನಿಕ್ ತನ್ನ ದಾರಿಯಲ್ಲಿ ಕಂಡುಕೊಂಡ. ಕಾನೂನಿನ ಕಣ್ಣಲ್ಲಿ ತಪ್ಪು, ಟಿಸಿಗೂ (ಊರಿನ ಟ್ರಾನ್ಸ್‌ಫಾರ್ಮರಿಗೂ) ಪೆಟ್ಟು, ಒಪ್ಪೋಣ, ಬುದ್ಧಿವಂತಿಕೆಯನ್ನಂತೂ ಮೆಚ್ಚಲೇಬೇಕು. ಇದಕ್ಕೆ ಉತ್ತರವಾಗಿ ರಾಜ್ಯ ಸರ್ಕಾರ ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರನ್ನೂ ಪಂಪ್‌ಸೆಟ್ಟಿನ ಫೀಡರನ್ನೂ ಬೇರೆ ಬೇರೆ ಮಾಡಿತು.

ಬೇರೆ ಮಾಡಿದ ಮೇಲೂ ಒಂದು ತೂತು ಉಳಿಯಿತು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಕರೆಂಟು ಉಚಿತ. ಬಹುಪಾಲು ಪಂಪ್‌ಸೆಟ್ಟುಗಳಿಗೆ ಮೀಟರಿಲ್ಲ. ಒಂದು ಹಳ್ಳಿಯ ಕಡೆಗೆ ಸಬ್‌ಸ್ಟೇಷನ್ನಿನಿಂದ 100 ಯೂನಿಟ್ ಹೋಯಿತೆನ್ನಿ. ಮನೆ, ಅಂಗಡಿ, ಗಿರಣಿಗಳ ಮೀಟರು 45 ತೋರಿಸಿದವು. ಉಳಿದ 55ರಲ್ಲಿ ಪಂಪ್‌ಸೆಟ್ಟಿಗೆ 40 ಹೋಯಿತು ಎಂದು ಅಂದಾಜು ಬರೆದರೆ ನಷ್ಟ 15. ಅಂದಾಜನ್ನು 30ಕ್ಕೆ ಇಳಿಸಿದರೆ ನಷ್ಟ 25. ತಂತಿಯ ಬಿಸಿ, ಕೊಕ್ಕೆ ಹಾಕಿದ ಕಳವು, ಕೆಟ್ಟ ಮೀಟರು ಎಲ್ಲವನ್ನೂ ರೈತನ ಹೆಸರಿಗೆ ಬರೆಯಬಹುದು, ರೈತ ನಿಜವಾಗಿ ಹೆಚ್ಚು ಬಳಸಿದ್ದರೆ ಅದೂ ಕಾಣುವುದಿಲ್ಲ. ಪ್ರತಿ ಬಾವಿಗೂ ಮೀಟರು ಹಾಕುವುದು ರಾಜಕೀಯವಾಗಿ ಕಷ್ಟ ಎನ್ನುತ್ತಾರೆ. ಸರಿ, ಪ್ರತಿ ಟಿಸಿಗೂ ಒಂದು ಮೀಟರು ಹಾಕಿ, ಅದರ ಅಂಕಿಯನ್ನು ತಪ್ಪದೆ ಓದಿದರೆ ಯಾವ ರೈತನ ಬಾವಿಕಟ್ಟೆಗೂ ಹೋಗಬೇಕಾಗಿಲ್ಲ. ಟಿಸಿ ಯಾವಾಗ ಅತಿಭಾರವಾಯಿತು, ಯಾವ ಫೇಸಿಗೆ ಹೊರೆ ಹೆಚ್ಚಾಯಿತು ಎಂಬುದು ಅದು ಸುಡುವ ಮೊದಲೇ ತಿಳಿದೀತು. ಮನೆಗಳಿಗೆ ಸ್ಮಾರ್ಟ್ ಮೀಟರು ಹಚ್ಚುವ ಮುಂಚೆ ಆಗಬೇಕಿದ್ದ ಕೆಲಸ ಇದು ಎಂದು ನನ್ನ ಅಭಿಪ್ರಾಯ. ಮನೆಗಳಲ್ಲಿ ಅಳತೆ ಆಗಲೇ ಇದೆ; ಸರ್ಕಾರದ ಗೃಹಜ್ಯೋತಿ ಯೋಜನೆಯ ಉಚಿತ ಯೂನಿಟ್ಟನ್ನೇ 2022-23ರ ಸರಾಸರಿಗೆ ಶೇಕಡಾ 10 ಸೇರಿಸಿ, 200ರ ಮಿತಿಯೊಳಗೆ ಲೆಕ್ಕ ಹಾಕಲು ಸಾಧ್ಯವಾದದ್ದು ಮನೆಗಳಿಗೆ ಮೀಟರು ಇದ್ದುದರಿಂದ.

ಇನ್ನು ಹತೋಟಿಯ ಮಾತು. ಮೀಟರಿನ ತಟ್ಟೆಗೆ ಎಣಿಸುವ ಚಕ್ರಗಳ ಬದಲು ಒಂದು ಸ್ಪ್ರಿಂಗನ್ನೂ ಒಂದು ಸಂಪರ್ಕ ಕಡ್ಡಿಯನ್ನೂ ಜೋಡಿಸಿದರೆ ರಿಲೇ ಆಗುತ್ತದೆ. ಗೊತ್ತುಮಾಡಿದ ಕರೆಂಟಿನವರೆಗೆ ಸ್ಪ್ರಿಂಗು ತಟ್ಟೆಯನ್ನು ತಡೆದಿಡುತ್ತದೆ. ಅದು ಮೀರಿದರೆ ತಟ್ಟೆ ತಿರುಗಿ, ಕಡ್ಡಿ ತಾಗಿ, ಲೈನನ್ನು ಕಡಿಯುವ ಬ್ರೇಕರು ಬಿಡಿಸಿಕೊಳ್ಳುತ್ತದೆ. ಕರೆಂಟು ಮಿತಿಯ ಎರಡು ಪಟ್ಟಾದರೆ ಸಾಮಾನ್ಯ ರಿಲೇ ಪೂರ್ತಿ ಸೆಟ್ಟಿಂಗಿನಲ್ಲಿ 10 ಸೆಕೆಂಡು ಕಾಯುತ್ತದೆ, ಹತ್ತು ಪಟ್ಟಾದರೆ 3 ಸೆಕೆಂಡು. ಈ ಕಾಯುವಿಕೆ ಬೇಕೆಂದೇ ಇಟ್ಟದ್ದು. ಸಮೀಪದ ಫ್ಯೂಸೋ ಬ್ರೇಕರೋ ಮೊದಲು ಕಳಚಲಿ, ಇಡೀ ತಾಲ್ಲೂಕು ಕತ್ತಲಾಗದಿರಲಿ ಎಂಬ ಏರ್ಪಾಟು. ಈಗಿನ ರಿಲೇಗಳಲ್ಲಿ ತಟ್ಟೆಯ ಜಾಗಕ್ಕೆ ಚಿಪ್ಪು ಬಂದಿದೆ. ಆದರೂ ಅದು ಅನುಸರಿಸುವುದು ಆ ಹಳೆಯ ತಟ್ಟೆ ಬರೆದುಕೊಟ್ಟ ವಕ್ರರೇಖೆಯನ್ನೇ.

ಖಾನಾಪುರದ ಕಾಡಿನಲ್ಲಿ ಮಳೆ ಹಿಡಿದರೆ ಈ ರಿಲೇಗೆ ಬಿಡುವಿಲ್ಲ. ಬಿದಿರು ಬಾಗಿ ತಂತಿಗೆ ತಾಗುತ್ತದೆ, ಮತ್ತೆ ಸರಿಯುತ್ತದೆ. ಹೀಗೆ ಬಂದುಹೋಗುವ ದೋಷಗಳೇ ಜಾಸ್ತಿಯಾದ್ದರಿಂದ ಆಟೋ ರಿಕ್ಲೋಸರ್ ಎಂಬ ಸಾಧನ ಬಂತು. ಅದು ಲೈನನ್ನು ಬಿಡಿಸಿ, ತುಸು ತಡೆದು, ತಾನೇ ಮತ್ತೆ ಚಾರ್ಜ್ ಮಾಡಿ ನೋಡುತ್ತದೆ. ಮೂರ್ನಾಲ್ಕು ಸಲ ಸೋತರೆ ಬೀಗ ಹಾಕಿಕೊಳ್ಳುತ್ತದೆ. ಅದಿಲ್ಲದ ಕಡೆ ಈ ಕೆಲಸವನ್ನು ಸಬ್‌ಸ್ಟೇಷನ್ನಿನ ಆಪರೇಟರು ಟೆಸ್ಟ್ ಚಾರ್ಜ್ ಎಂದು ಕೈಯಾರೆ ಮಾಡುತ್ತಾನೆ. ದೋಷ ನಿಲ್ಲದಿದ್ದರೆ ಪವರ್‌ಮ್ಯಾನ್ ಲೈನ್ ಕ್ಲಿಯರ್ (ಲೈನಿನಲ್ಲಿ ಕರೆಂಟಿಲ್ಲವೆಂಬ ಖಾತ್ರಿ) ಪಡೆದು, ಕಂಬದಿಂದ ಕಂಬಕ್ಕೆ, ಕೆಸರಿನಲ್ಲಿ, ಜಿಗಣೆಗಳ ನಡುವೆ ನಡೆಯಬೇಕು. ಉದ್ದದ ಫೀಡರಿನ ನಡುನಡುವೆ ಒಂದೆರಡು ರಿಕ್ಲೋಸರು, ದೋಷ ಹಾದುಹೋದ ಕಡೆ ದೀಪ ಮಿನುಗಿಸುವ ಸೂಚಕಗಳು ಇದ್ದರೆ ಆ ನಡಿಗೆ ಅರ್ಧಕ್ಕರ್ಧ ತಗ್ಗುತ್ತದೆ.

ಆದರೆ ಈ ಎಲ್ಲ ಸಾಧನಗಳಿಗೂ ಕಾಣದ ಒಂದು ದೋಷವಿದೆ. 11 ಕೆವಿ ತಂತಿ ಹರಿದು ಒಣ ಜಂಬಿಟ್ಟಿಗೆ ನೆಲದ ಮೇಲೆ ಬಿತ್ತೆನ್ನಿ. ತಂತಿಗೂ ಭೂಮಿಗೂ ನಡುವೆ ಸುಮಾರು 6,350 ವೋಲ್ಟ್. ನೆಲದ ತಡೆ 1000 ಓಮ್ ಇದ್ದರೆ ಹರಿಯುವ ಕರೆಂಟು 6 ಆಂಪಿಯರ್ ಚಿಲ್ಲರೆ. ನೂರು ಆಂಪಿಯರ್ ಹೊರೆಯ ಫೀಡರಿಗೆ ಅದೊಂದು ಸಣ್ಣ ಗಿರಣಿ ಶುರುವಾದಷ್ಟೇ. ಮೂರು ಫೇಸುಗಳ ಕರೆಂಟನ್ನು ಕೂಡಿ ಮೊತ್ತ ಸೊನ್ನೆಯಲ್ಲವಾದರೆ ಎಚ್ಚರಿಸುವ ಅರ್ತ್ ಫಾಲ್ಟ್ ರಿಲೇ ಇರುತ್ತದೆ, ನಿಜ. ಆದರೆ ಸಣ್ಣಪುಟ್ಟ ಅಸಮತೋಲಕ್ಕೆಲ್ಲ ಕಳಚದಿರಲೆಂದು ಅದನ್ನೂ ಇದಕ್ಕಿಂತ ಮೇಲೆ ಸೆಟ್ ಮಾಡಿರುತ್ತಾರೆ. ಬ್ರೇಕರು ಬೀಳುವುದಿಲ್ಲ, ಊರಿನ ದೀಪಗಳು ಕೆಲವು ಉರಿಯುತ್ತಲೇ ಇರಬಹುದು, ಹುಲ್ಲಿನಲ್ಲಿ ಬಿದ್ದ ತಂತಿ ಜೀವಂತವಾಗಿರುತ್ತದೆ. ಮನೆಯಲ್ಲಿ 30 ಮಿಲಿಆಂಪಿಯರ್ ಸೋರಿದರೆ ಕಳಚುವ ಆರ್‌ಸಿಸಿಬಿ ಹಾಕಿಸಬಹುದು. ಹತ್ತಾರು ಕಿಲೋಮೀಟರ್ ಕಾಡಿನ ಲೈನಿಗೆ ಅಷ್ಟು ಸೂಕ್ಷ್ಮ ಕಣ್ಣು ಇಡುವುದು ಹೇಗೆಂದು ಎಂಜಿನಿಯರುಗಳು ಇನ್ನೂ ತಲೆ ಕೆಡಿಸಿಕೊಳ್ಳುತ್ತಿದ್ದಾರೆ.

ಆದ್ದರಿಂದ ಮಳೆಗಾಲದಲ್ಲಿ ತಂತಿ ಬಿದ್ದದ್ದು ಕಂಡರೆ, ಕರೆಂಟ್ ಹೋಗಿದೆ ಎಂದು ಯಾರು ಹೇಳಿದರೂ ನಂಬಬೇಡಿ. ಹೋದ ಕರೆಂಟು ರಿಕ್ಲೋಸರಿನಿಂದಲೋ ಟೆಸ್ಟ್ ಚಾರ್ಜಿನಿಂದಲೋ ಮರುಗಳಿಗೆಗೆ ಬರಬಹುದು. ಅದರ ಸುತ್ತಲಿನ ನೆಲದಲ್ಲೂ ಹೆಜ್ಜೆಯಿಂದ ಹೆಜ್ಜೆಗೆ ವೋಲ್ಟೇಜ್ ವ್ಯತ್ಯಾಸವಿರುತ್ತದೆ. ಹತ್ತಿರವೇ ಇದ್ದರೆ ಪಾದಗಳನ್ನು ಜೋಡಿಸಿಕೊಂಡು ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದೆ ಸರಿಯಿರಿ, ದನಕರುಗಳನ್ನು ಆ ಕಡೆ ಬಿಡಬೇಡಿ, ಸಮೀಪದ ಕಂಬದ ಅಥವಾ ಟಿಸಿಯ ನಂಬರು ದೂರದಿಂದಲೇ ನೋಡಿಕೊಂಡು 1912ಕ್ಕೆ ಫೋನ್ ಮಾಡಿ.