ವ್ಯವಹಾರದ ಮಾತು, ಸಭೆಯ ಮಾತು

ದೇವರು ಮನುಷ್ಯನಿಗೆ ಅನುಗ್ರಹಿಸಿರುವ ವರಗಳಲ್ಲಿ ಮಾತು ಬಹು ಶ್ರೇಷ್ಠವಾದುದು. ಆದರೆ ಮಾತನಾಡಬಲ್ಲವರೆಲ್ಲರೂ ತಮ್ಮ ಅಭಿಪ್ರಾಯವನ್ನು ಇತರರಿಗೆ ತಿಳಿಯಪಡಿಸಬಲ್ಲರೆಂದು ಹೇಳಲಾಗದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಇಂದು ಅಂಗಡಿಗಳನ್ನೂ ತೋಟದ ಲೆಕ್ಕಪತ್ರಗಳನ್ನೂ ನೋಡಿಕೊಳ್ಳುತ್ತಿರುವರು. ಕೆಲವರು ಸ್ವಸಹಾಯ ಸಂಘಗಳಲ್ಲಿಯೂ ಗ್ರಾಮ ಪಂಚಾಯಿತಿಗಳಲ್ಲಿಯೂ ಹೊಣೆ ಹೊತ್ತಿರುವರು. ಹತ್ತು ಜನರ ಹಣವೂ ನಂಬಿಕೆಯೂ ಅವರ ಮಾತನ್ನು ಅವಲಂಬಿಸಿರುವುದರಿಂದ, ಕಾರ್ಯಸಾಧಕವಾದ ಮಾತಿನ ಮೂಲ ನಿಯಮಗಳನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಬಯಸುತ್ತೇವೆ. ಇವೆಲ್ಲವೂ ಒಂದೇ ತತ್ತ್ವದಿಂದ ಹೊರಟವು: ಮಾತು ಆಡಿದಾಗ ಮುಗಿಯುವುದಿಲ್ಲ, ಕೇಳಿದವರು ಅದನ್ನು ಸರಿಯಾಗಿ ಗ್ರಹಿಸಿದಾಗಲೇ ಮುಗಿಯುತ್ತದೆ.

ಮೊದಲನೆಯದಾಗಿ, ಮಾತು ಪೂರ್ಣವಾಗಿರತಕ್ಕದ್ದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಅಡಕೆಯೇ ಮುಖ್ಯ ಬೆಳೆಗಳಲ್ಲೊಂದಾಗಿರುವುದರಿಂದ ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. “ಅಡಕೆ ಕಳುಹಿಸಿರಿ” ಎಂದು ಬರೆದರೆ ಏನು ತಿಳಿದಂತಾಯಿತು? ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂಬ ಬಗೆಗಳಿಗೆ ಬೇರೆ ಬೇರೆ ಧಾರಣೆ. ಸರಕಿಗೂ ಗೊರಬಲಿಗೂ ಇರುವ ಅಂತರವಂತೂ ಬಹಳ ಹೆಚ್ಚು. ಆದುದರಿಂದ ಯಾವ ಬಗೆ, ಎಷ್ಟು ತೂಕ, ಯಾವ ತಾರೀಖು, ಸಾಗಣೆಯ ಖರ್ಚು ಯಾರದು ಎಂಬ ನಾಲ್ಕು ಸಂಗತಿಗಳು ಪತ್ರದಲ್ಲಿ ಇರಲೇಬೇಕು. 1939ರಲ್ಲಿ ಸ್ಥಾಪಿತವಾದ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘದಂತಹ ಸಂಸ್ಥೆಯಲ್ಲಿ ಅನೇಕ ಬೆಳೆಗಾರರ ಸರಕು ಒಂದೇ ಸೂರಿನಡಿ ಮಾರಾಟಕ್ಕೆ ಬರುತ್ತದೆ. ಅಂಥಲ್ಲಿ ಬಗೆ, ತೂಕ, ಧಾರಣೆಗಳು ಬರೆಹದಲ್ಲಿ ಸ್ಪಷ್ಟವಾಗಿರದೆ ಹೋದರೆ ಸದಸ್ಯರ ವಿಶ್ವಾಸವು ನಿಲ್ಲುವುದೆಂತು?

ಎರಡನೆಯದಾಗಿ, ಹೇಳಿದ್ದನ್ನು ಕೇಳಿದವರಿಂದ ಮರಳಿ ಹೇಳಿಸಬೇಕು. ಮಲೆನಾಡಿನಲ್ಲಿ ಮನೆಗಳು ದೂರದೂರ. ಮಳೆಗಾಲದಲ್ಲಿ ಹೇಳಿಕಳುಹಿಸಿದ ಸುದ್ದಿ ಮೂರು ಬಾಯಿ ದಾಟುವಷ್ಟರಲ್ಲಿ ರೂಪವನ್ನೇ ಬದಲಿಸಿಕೊಳ್ಳುವುದುಂಟು. ಮೊಬೈಲು ಬಂದ ಮೇಲೂ ಕಣಿವೆಯ ಊರುಗಳಲ್ಲಿ ಧ್ವನಿ ಕಡಿದು ಹೋಗುತ್ತದೆ. “ಬರುವ ಸೋಮವಾರ ಸಭೆ” ಎಂದರೆ ಕೆಲವರು ಈ ವಾರವೆಂದೂ, ಕೆಲವರು ಮುಂದಿನ ವಾರವೆಂದೂ ತಿಳಿಯುವರು. ವಾರದೊಡನೆ ತಾರೀಖನ್ನೂ ಹೇಳಿದರೆ ಈ ತೊಡಕಿಲ್ಲ. “ತಿಳಿಯಿತೇ?” ಎಂದು ಕೇಳುವುದರಿಂದಲೂ ಪ್ರಯೋಜನವಿಲ್ಲ, ಸಂಕೋಚದಿಂದ ಎಲ್ಲರೂ “ಹೂಂ” ಎನ್ನುವರು. “ಹಾಗಾದರೆ ನೀವು ಯಾವ ದಿನ ಬರುವಿರಿ? ಏನು ತರುವಿರಿ?” ಎಂದು ಕೇಳಿರಿ. ವಿಮಾನ ನಡೆಸುವವರು ಕೂಡ ನಿಲ್ದಾಣದಿಂದ ಬಂದ ಆಜ್ಞೆಯನ್ನು ತಾವೇ ಮರಳಿ ಉಚ್ಚರಿಸಿ ದೃಢಪಡಿಸಿಕೊಳ್ಳುತ್ತಾರೆ.

ಮೂರನೆಯದಾಗಿ, ವ್ಯವಹಾರದ ಮಾತು ಬಯಲಿನದಾಗಿರಬೇಕು. ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಬೆರಳುಗಳ ಭಾಷೆ ಪಕ್ಕದಲ್ಲಿದ್ದವರಿಗೂ ತಿಳಿಯದು. ಕೃಷಿ ಮಾರುಕಟ್ಟೆಗಳನ್ನು ಕುರಿತ 1966ರ ಕಾನೂನು ನಮ್ಮ ರಾಜ್ಯದಲ್ಲಿ ಬಹಿರಂಗವಾದ ಮಾರಾಟಕ್ಕೆ ಬಲ ಕೊಟ್ಟಿತು. ಸಂಘದ ಲೆಕ್ಕಕ್ಕೂ ಇದೇ ನೀತಿ ಸಲ್ಲುತ್ತದೆ: ಜಮೆ, ಖರ್ಚು, ಉಳಿಕೆಗಳನ್ನು ಪ್ರತಿ ಸಭೆಯಲ್ಲಿಯೂ ಗಟ್ಟಿಯಾಗಿ ಓದಬೇಕು. ಆದರೆ ಒಂದು ವಿವೇಕವುಂಟು. ಲೆಕ್ಕವು ಎಲ್ಲರೆದುರಿಗೆ, ಬುದ್ಧಿವಾದವು ಏಕಾಂತದಲ್ಲಿ. ಕಂತು ಕಟ್ಟಲಾರದ ಸಹೋದರಿಯ ಕಷ್ಟವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಸಾರುವುದು ಬಹಿರಂಗತೆಯಲ್ಲ, ಅಪಮಾನ.

ನಾಲ್ಕನೆಯದು, ಕೇಳುವ ಶಕ್ತಿ. ನಾಯಕತ್ವವೆಂದರೆ ಹೆಚ್ಚು ಮಾತನಾಡುವುದೆಂದು ಅನೇಕರು ಭ್ರಮಿಸಿರುವರು. ಶೃಂಗೇರಿಯ ಪರಂಪರೆಯಲ್ಲಿ ಪ್ರಸಿದ್ಧವಾದ ಐತಿಹ್ಯವೊಂದುಂಟು. ಶಂಕರಾಚಾರ್ಯರಿಗೂ ಮಂಡನಮಿಶ್ರರಿಗೂ ವಾದ ನಡೆದಾಗ ಮಧ್ಯಸ್ಥಳಾಗಿ ಕುಳಿತವಳು ಮಂಡನಮಿಶ್ರರ ಪತ್ನಿಯಾದ ಉಭಯಭಾರತಿ. ಒಂದು ಪಕ್ಷದಲ್ಲಿ ತನ್ನ ಪತಿಯೇ ಇದ್ದರೂ ಅವಳು ಇಬ್ಬರ ಮಾತನ್ನೂ ಸಮಚಿತ್ತದಿಂದ ಆಲಿಸಿ, ಪತಿಯು ಸೋತನೆಂದು ಒಪ್ಪಿಕೊಂಡಳಂತೆ. ನಾವು ಕ್ರೈಸ್ತ ಶಾಲೆಯವರಾದರೂ ನೆರೆಯೂರಿನ ಈ ಕಥೆಯಿಂದ ಕಲಿಯತಕ್ಕುದು ಬಹಳವಿದೆ. ಅಧ್ಯಕ್ಷೆಯಾದವಳು ತನ್ನವರ ಮಾತಿಗೊಂದು, ಪರರ ಮಾತಿಗೊಂದು ಕಿವಿ ಇಟ್ಟುಕೊಳ್ಳಬಾರದು.

ಇನ್ನು ಸಭೆಯಲ್ಲಿ ಸ್ತ್ರೀಯರ ಧ್ವನಿಯ ವಿಷಯ. ನಮ್ಮ ರಾಜ್ಯದ 1983ರ ಕಾನೂನು ಪಂಚಾಯಿತಿಗಳಲ್ಲಿ ಸ್ತ್ರೀಯರಿಗೆ ಶೇಕಡ 25 ಸ್ಥಾನಗಳನ್ನು ಕಾದಿರಿಸಿ, 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. 1993ರ ಸಂವಿಧಾನ ತಿದ್ದುಪಡಿಯಿಂದ ದೇಶದಾದ್ಯಂತ ಮೂರರಲ್ಲೊಂದು ಪಾಲು ದೊರೆಯಿತು. 2010ರಿಂದ ಇಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರವು. ಕಾನೂನು ಕುರ್ಚಿಯನ್ನು ಕೊಡಬಲ್ಲುದು, ಧ್ವನಿಯನ್ನು ಕೊಡಲಾರದು. ಸದಸ್ಯೆಯು ಕುಳಿತಿರಲು ಅವಳ ಪತಿಯೇ ಎದ್ದು ಮಾತನಾಡುವ ದೃಶ್ಯವು ಇನ್ನೂ ಮಾಯವಾಗಿಲ್ಲ. ಅವಳಿಗೆ ಬುದ್ಧಿಯಿಲ್ಲವೆಂದಲ್ಲ, ಎಳವೆಯಿಂದಲೂ ಮೌನವೇ ಹೆಣ್ಣಿಗೆ ಭೂಷಣವೆಂದು ಕೇಳಿ ಬೆಳೆದಿರುವುದೇ ಇದಕ್ಕೆ ಕಾರಣ.

ಸಭೆಯ ಮಾತಿಗೆ ಪಾಂಡಿತ್ಯವು ಬೇಡ, ಕ್ರಮವು ಬೇಕು. ಗ್ರಾಮಸಭೆಯಲ್ಲಿ “ನಮ್ಮ ಊರಿಗೆ ಏನೂ ಆಗಿಲ್ಲ” ಎಂದರೆ ಅದು ದೂರಾಗಿಯೇ ಉಳಿಯುವುದು. “ಇಂಥ ಹಳ್ಳಕ್ಕೆ ಕಾಲುಸಂಕ ಬೇಕು, ಮಳೆಗಾಲದಲ್ಲಿ ಇಷ್ಟು ಮನೆಗಳ ಮಕ್ಕಳು ಶಾಲೆಗೆ ಹೋಗಲಾಗುತ್ತಿಲ್ಲ, ಈ ಬೇಡಿಕೆಯನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ ಓದಿ ಹೇಳಿರಿ” ಎಂದರೆ ಅದು ಕಾರ್ಯದ ಮಾತು. ಬೇಕಾದುದೇನು, ಕಾರಣವೇನು, ಯಾರು ಏನು ಮಾಡಬೇಕು ಎಂಬ ಮೂರೂ ಅದರಲ್ಲಿ ಅಡಗಿವೆ. ಉಕ್ಕಿ ಹರಿಯುವ ಹಳ್ಳಗಳು ಮಲೆನಾಡಿನಲ್ಲಿ ಪ್ರಾಣಗಳನ್ನೇ ತೆಗೆದುಕೊಂಡಿರುವಾಗ, ಹೀಗೆ ಸ್ಪಷ್ಟವಾಗಿ ನುಡಿಯುವುದು ಅಲಂಕಾರವಲ್ಲ, ಕರ್ತವ್ಯ.

ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಸಂತೆಗೆ ಹೋಗಿ ಬಂದ ಮಗಳಿಂದ ಖರ್ಚಿನ ಲೆಕ್ಕವನ್ನು ಬಾಯಿಬಿಟ್ಟು ಹೇಳಿಸಿರಿ. ಬಂದ ನೆಂಟರೊಡನೆ ಅವಳು ಪೂರ್ಣ ವಾಕ್ಯಗಳಲ್ಲಿ ಮಾತನಾಡಲಿ. ಅವಳು ಹೇಳುತ್ತಿರುವಾಗ ಅಣ್ಣತಮ್ಮಂದಿರು ನಡುವೆ ಬಾಯಿ ಹಾಕದಿರಲಿ. ಹಳೆಯ ವಿದ್ಯಾರ್ಥಿನಿಯರೇ, ಮುಂದಿನ ಸಭೆಗೆ ಹೋಗುವ ಮುನ್ನ ನೀವು ಹೇಳಬೇಕಾದುದನ್ನು ಮೂರು ವಾಕ್ಯಗಳಲ್ಲಿ ಬರೆದುಕೊಂಡು ಹೋಗಿರಿ, ಎದ್ದು ನಿಂತು ಹೇಳಿರಿ, ಅದು ನಡವಳಿಯಲ್ಲಿ ಸೇರಿತೇ ಎಂದು ನೋಡಿಕೊಂಡೇ ಮನೆಗೆ ಹಿಂದಿರುಗಿರಿ. ನಿಮ್ಮ ಈ ಪ್ರಯತ್ನವನ್ನು ದೇವರು ಸಫಲಗೊಳಿಸಲೆಂದು ಪ್ರಾರ್ಥಿಸುತ್ತೇವೆ.